ಊರ ಬೆಟ್ಟಕ್ಕೊಂದು ಕಾಲುದಾರಿ ಮಾಡುವ ಬಗೆ

"ನಮ್ಮೂರ ಬೆಟ್ಟಕ್ಕೆ ಒಂದು ಚಾರಣದ ದಾರಿ ಮಾಡಬೇಕು ಅಂತಿದ್ದೇವೆ, ಯಾರನ್ನು ಕೇಳಬೇಕು?" ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಿಂದ, ತುಮಕೂರು ನಗರದ ನಡಿಗೆ ಬಳಗಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವ ಬದಲು ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಇಲ್ಲಿ ದಾರಿ ಎಂದರೆ ಎರಡು ಅಡಿ ಅಗಲದ, ಒಬ್ಬರ ಹಿಂದೆ ಒಬ್ಬರು ನಡೆಯುವ ಮಣ್ಣಿನ ಕಾಲುದಾರಿ. ಸಿಮೆಂಟ್ ಮೆಟ್ಟಿಲು, ಸ್ಟೀಲ್ ಕಂಬಿ, ತುದಿಯಲ್ಲಿ ಹೃದಯದ ಆಕಾರದ ಸೆಲ್ಫಿ ಚೌಕಟ್ಟು ಬೇಕಿದ್ದವರು ಗುತ್ತಿಗೆದಾರರನ್ನು ನೋಡಿಕೊಳ್ಳಬಹುದು. ಇನ್ನೊಂದು ಮಾತು: ನಮ್ಮ ಜಿಲ್ಲೆಯಲ್ಲಿ ದಾರಿಯೇ ಇಲ್ಲದ ಬೆಟ್ಟ ಅಪರೂಪ. ದನಕರು, ಕುರಿ, ಸೌದೆಗೆ ಹೋಗುವವರು, ಜಾತ್ರೆಗೆ ಹತ್ತುವವರು ತಲೆಮಾರುಗಳಿಂದ ತುಳಿದ ಹಾದಿಗಳಿವೆ. ಅವುಗಳಲ್ಲಿ ಸರಿಯಾದದ್ದನ್ನು ಆರಿಸಿ, ಅದರ ಮೇಲೆ ಮಳೆನೀರು ಹರಿಯದಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಹೊಸದಾಗಿ ಕಡಿಯುವ ಉತ್ಸಾಹ ಇದ್ದವರು ಅದನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ.

1. ಜಾಗ ಯಾರದ್ದೆಂದು ಕಾಗದದಲ್ಲಿ ನೋಡಿ

"ಅದು ನಮ್ಮೂರ ಬೆಟ್ಟ" ಎನ್ನುವುದು ಭಾವನೆ, ದಾಖಲೆ ಅಲ್ಲ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಬೆಟ್ಟದ ಬುಡದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ, ಒಡೆಯರ ಹೆಸರಿರುವ 9ನೇ ಕಾಲಂ ನೋಡಿ. ಅಲ್ಲಿ ಅರಣ್ಯ ಇಲಾಖೆ ಎಂದಿರಬಹುದು, ಸರ್ಕಾರಿ ಗೋಮಾಳ ಎಂದಿರಬಹುದು, ದೇವಸ್ಥಾನದ ಹೆಸರಿರಬಹುದು, ನಿಮ್ಮ ಪಕ್ಕದ ಮನೆಯವರ ಹೆಸರೇ ಇರಬಹುದು. ಒಂದೇ ಬೆಟ್ಟ ಮೂರು ನಾಲ್ಕು ಸರ್ವೆ ನಂಬರುಗಳಲ್ಲಿ ಹಂಚಿಹೋಗಿರುವುದು ಸಾಮಾನ್ಯ. ಆದ್ದರಿಂದ ಬುಡದಿಂದ ತುದಿಯವರೆಗೆ ಎಲ್ಲ ನಂಬರುಗಳನ್ನೂ ನೋಡಬೇಕು.

ಪಹಣಿಯ ಜೊತೆಗೆ ಗ್ರಾಮ ನಕಾಶೆಯನ್ನೂ ತೆಗೆಸಿ. ಅದರಲ್ಲಿ ಚುಕ್ಕಿ ಗೆರೆಯಲ್ಲಿ ಹಳೆಯ ಕಾಲುದಾರಿ, ಬಂಡಿದಾರಿಗಳು ಇರುತ್ತವೆ. ಕಂದಾಯದವರು ಇದನ್ನು "ನಕಾಶೆ ಕಂಡ ದಾರಿ" ಎನ್ನುತ್ತಾರೆ. ನಿಮ್ಮ ದಾರಿ ಹೊಲಗಳ ನಡುವಿನಿಂದ ಶುರುವಾಗುವುದಾದರೆ ಇಂಥ ಗೆರೆಯೊಂದು ಸಿಕ್ಕರೆ ಜಗಳದ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.

ಇಲ್ಲಿ ಹಲವರು ಎಡವುವುದು "ಗೋಮಾಳ ತಾನೇ, ಅರಣ್ಯ ಅಲ್ಲವಲ್ಲ" ಎಂಬ ಕಡೆ. ಗೋದಾವರ್ಮನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ, ಕಂದಾಯ ಜಮೀನಾದರೂ ಕಾಡಿನ ಲಕ್ಷಣವಿದ್ದರೆ ಅದನ್ನು ಅರಣ್ಯವೆಂದೇ ಪರಿಗಣಿಸುವ ಪದ್ಧತಿ ಬಂದಿದೆ. ಇದಕ್ಕೆ ಡೀಮ್ಡ್ ಅರಣ್ಯ, ಅಂದರೆ ಪರಿಭಾವಿತ ಅರಣ್ಯ ಎನ್ನುತ್ತಾರೆ. ನಿಮ್ಮ ಗೋಮಾಳ ಆ ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ವನ್ಯಜೀವಿಗಳಿಗೆಂದೇ ಘೋಷಿಸಿದ ಜಾಗವಾದರೆ ಈ ಲೇಖನವನ್ನು ಇಲ್ಲಿಗೇ ಮಡಚಿಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 2007ರಲ್ಲಿ ಆದದ್ದು. ಶಿರಾ ಕಡೆಯ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ 2019ರದ್ದು. ಅಂಥ ಕಡೆ ಊರಿನವರು ಸ್ವಂತವಾಗಿ ದಾರಿ ಮಾಡುವ ಪ್ರಶ್ನೆಯೇ ಇಲ್ಲ. ಇಲಾಖೆ ತೋರಿಸಿದ ದಾರಿಯಲ್ಲಿ ನಡೆದು ಬರುವುದಷ್ಟೇ.

2. ಈಗ ಅಲ್ಲಿ ನಡೆಯುತ್ತಿರುವವರನ್ನು ಕೇಳಿ

ಕಚೇರಿಗೆ ಹೋಗುವ ಮುಂಚೆ ಕುರಿ ಕಾಯುವವರ ಜೊತೆ ಒಂದು ದಿನ ಬೆಟ್ಟ ಹತ್ತಿ. ಯಾವ ಗವಿಯಲ್ಲಿ ಕರಡಿ ಮರಿ ಹಾಕುತ್ತದೆ, ಯಾವ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತದೆ, ಯಾವ ದೊಣೆಯಲ್ಲಿ ಬೇಸಿಗೆಯಲ್ಲೂ ನೀರು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕಾಶೆಗೂ ಗೊತ್ತಿಲ್ಲ. ಬಂಡೆ, ಹಳ್ಳ, ಕಣಿವೆಗಳಿಗೆ ಅವರು ಕರೆಯುವ ಹೆಸರುಗಳನ್ನು ಬರೆದುಕೊಳ್ಳಿ. ಮುಂದೆ ಫಲಕಗಳ ಮೇಲೆ ಅವೇ ಇರಲಿ. "ವ್ಯೂ ಪಾಯಿಂಟ್ 1, 2" ಎಂದು ಬರೆಯಲು ನಮ್ಮ ಬೆಟ್ಟಗಳಿಗೆ ಹೆಸರಿಲ್ಲವೇ?

ಗುಡಿಯಿದ್ದರೆ ಪೂಜಾರಿಯನ್ನೂ, ಬೆಟ್ಟದ ಬುಡದಲ್ಲಿ ಹೊಲ ಇರುವವರನ್ನೂ ಕಾಣಬೇಕು. ಹೊಲದವರ ಚಿಂತೆ ಸಾಮಾನ್ಯವಾಗಿ ಮೂರು: ವಾಹನ ಎಲ್ಲಿ ನಿಲ್ಲಿಸುತ್ತಾರೆ, ಬೆಳೆ ತುಳಿಯುತ್ತಾರಾ, ಬಾಟಲಿ ಎಸೆಯುತ್ತಾರಾ. ಮೂರಕ್ಕೂ ಉತ್ತರ ಸಿದ್ಧವಿಲ್ಲದೆ ಹೋಗಬೇಡಿ. ವಾಹನಗಳು ಊರೊಳಗೆ, ಶಾಲೆ ಅಥವಾ ಗುಡಿಯ ಬಯಲಿನಲ್ಲಿ ನಿಂತರೆ ಒಳ್ಳೆಯದು. ಅರ್ಧ ಕಿಲೋಮೀಟರ್ ಹೆಚ್ಚು ನಡೆದರೆ ಚಾರಣಕ್ಕೆ ಬಂದವರಿಗೆ ನಷ್ಟವೇನಿಲ್ಲ, ಊರಿನ ಅಂಗಡಿ ಹೋಟೆಲಿಗೆ ನಾಲ್ಕು ಕಾಸು ಲಾಭ.

3. ಒಪ್ಪಿಗೆ ಬರವಣಿಗೆಯಲ್ಲಿ ಇರಲಿ

ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ. ಮೊದಲು ಗ್ರಾಮಸಭೆಯಲ್ಲಿ ವಿಷಯ ಇಟ್ಟು ಠರಾವು ಮಾಡಿಸಿ, ನಡಾವಳಿಯ ಪ್ರತಿ ತೆಗೆದುಕೊಳ್ಳಿ. ಪ್ರತಿ ಪಂಚಾಯಿತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಳಿಗಳ ದಾಖಲೆ ಇಡುವುದು ಅದರ ಕೆಲಸ. ಬಹಳ ಕಡೆ ಅದು ಕಡತದಲ್ಲಿ ಮಾತ್ರ ಇರುತ್ತದೆ. ನಿಮ್ಮ ದಾರಿಯ ನೆಪದಲ್ಲಾದರೂ ಅದನ್ನು ಎಬ್ಬಿಸಿ. ಕರ್ನಾಟಕದಲ್ಲಿ 1993ರಿಂದ, ಇಲಾಖೆಯೂ ಊರಿನವರೂ ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆಯಡಿ ರಚಿಸುತ್ತಾ ಬಂದ ಗ್ರಾಮ ಅರಣ್ಯ ಸಮಿತಿ ನಿಮ್ಮೂರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಇಲಾಖೆಯವರು ಹೊಸ ಬಳಗದ ಜೊತೆಗಿಂತ ಅದರ ಜೊತೆ ಸಲೀಸಾಗಿ ಮಾತಾಡುತ್ತಾರೆ.

ಅರಣ್ಯ ಜಮೀನಾದರೆ ಅರ್ಜಿ ವಲಯ ಅರಣ್ಯಾಧಿಕಾರಿಯ ಮೂಲಕ ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಹೋಗಬೇಕು. ಕಂದಾಯ ಜಮೀನಾದರೆ ತಹಶೀಲ್ದಾರರಿಗೆ. ಅರ್ಜಿಯಲ್ಲಿ ಸರ್ವೆ ನಂಬರು, ದಾರಿಯ ಉದ್ದ ಅಗಲ, ಕೆಲಸದ ದಿನಗಳು, ಎಷ್ಟು ಜನ ಬರುತ್ತೀರಿ ಎಂಬುದನ್ನು ಬರೆಯಿರಿ. ಮುಖ್ಯವಾಗಿ ಈ ಮೂರು ವಾಕ್ಯ ಸೇರಿಸಿ: ಮರ ಕಡಿಯುವುದಿಲ್ಲ, ಯಂತ್ರ ತರುವುದಿಲ್ಲ, ಏನನ್ನೂ ಕಟ್ಟುವುದಿಲ್ಲ. ಕಟ್ಟಡ, ರಸ್ತೆ ಎಂಬ ಮಾತು ಅರ್ಜಿಯಲ್ಲಿ ನುಸುಳಿದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬಂದು ಕಡತ ಜಿಲ್ಲೆ ದಾಟಿ ಹೋಗುತ್ತದೆ. ಹೋದದ್ದು ಯಾವಾಗ ಬರುತ್ತದೋ ಹೇಳಲಾಗದು.

ಅನುಮತಿ ಬರುವವರೆಗೆ ಒಂದು ಗುದ್ದಲಿ ಏಟೂ ಬೀಳಬಾರದು. ಮೀಸಲು ಅರಣ್ಯದಲ್ಲಿ ಗಿಡ ಸವರುವುದು, ಕಲ್ಲು ಎತ್ತುವುದು, ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. "ಒಳ್ಳೆಯ ಕೆಲಸಕ್ಕೆ ತಾನೇ" ಎಂಬುದು ಮೊಕದ್ದಮೆಯಲ್ಲಿ ನಿಲ್ಲುವ ವಾದವಲ್ಲ. ಬೆಟ್ಟದ ಮೇಲೆ ಕೋಟೆ ಅಥವಾ ಹಳೆಯ ಗುಡಿಯಿದ್ದು ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ, ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಅವರ ಒಪ್ಪಿಗೆಯೂ ಬೇಕಾಗುತ್ತದೆ.

4. ಬೇಸಿಗೆಯಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ ನೋಡಿ

ನಮ್ಮದು ಎಲೆ ಉದುರುವ ಒಣಕಾಡು ಮತ್ತು ಕುರುಚಲು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಎಲೆಯೆಲ್ಲ ಉದುರಿ ನೆಲದ ಏರುಪೇರು ಕಣ್ಣಿಗೆ ಬೀಳುತ್ತದೆ. ಹಳೆಯ ಹಾದಿಗಳು, ಕೊರಕಲುಗಳು, ಹಾಸುಬಂಡೆಗಳು ಎಲ್ಲಿವೆ ಎಂದು ಗುರುತಿಸಲು ಅದೇ ಸರಿಯಾದ ಕಾಲ. ಆದರೆ ಅಷ್ಟಕ್ಕೇ ದಾರಿಯ ಗೆರೆ ಎಳೆದುಬಿಟ್ಟವರು ಮುಂದಿನ ವರ್ಷ ಮತ್ತೆ ಎಳೆಯಬೇಕಾಗುತ್ತದೆ. ನಮ್ಮ ಜಿಲ್ಲೆಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆ ಹೊಯ್ದು ನಿಂತ ಕೂಡಲೇ ಕೊಡೆ ಹಿಡಿದು ಅದೇ ಹಾದಿಯಲ್ಲಿ ನಡೆಯಿರಿ. ಯಾವ ಹಾದಿ ಹಳ್ಳವಾಗಿದೆ, ಯಾವುದು ಒಣಗಿ ನಿಂತಿದೆ ಎಂಬುದನ್ನು ನೀರೇ ತೋರಿಸುತ್ತದೆ. ಮಿಂಚಿರುವಾಗ ಮಾತ್ರ ಹತ್ತಬೇಡಿ. ಬೋಳುಬಂಡೆಯ ಮೇಲೆ ನಿಮಗಿಂತ ಎತ್ತರದ್ದು ಬೇರೇನೂ ಇರುವುದಿಲ್ಲ.

ಗೆರೆ ಆರಿಸುವಾಗ ತಪ್ಪಿಸಬೇಕಾದವು: ಗವಿಗಳ ಬಾಯಿ, ಹೆಜ್ಜೇನಿನ ಬಂಡೆ, ದೊಣೆ ಮತ್ತು ಚಿಲುಮೆಗಳ ಅಂಚು. ಪ್ರಾಣಿಗಳು ನೀರಿಗೆ ಬರುವ ಜಾಗದಿಂದ ದಾರಿ ದೂರವೇ ಇರಲಿ. ಹಾಸುಬಂಡೆಯ ಮೇಲೆ ಅಲ್ಲಲ್ಲಿ ತೆಳುವಾದ ಮಣ್ಣು ಕೂತು ಹುಲ್ಲು, ಪುಟ್ಟ ಹೂಗಿಡ ಬೆಳೆದಿರುತ್ತವೆ. ಆ ಮಣ್ಣು ಕೂರಲು ಎಷ್ಟೋ ಕಾಲ ಬೇಕು, ಕಿತ್ತುಹೋಗಲು ಒಂದು ಭಾನುವಾರ ಸಾಕು. ಅಲ್ಲಿ ಬರಿಯ ಕಲ್ಲಿನ ಮೇಲೇ ದಾರಿ ಹೋಗುವಂತೆ ಗುರುತು ಮಾಡಿ. ಬಂಡೆಗಳ ಸಂದಿನ ಕುರುಚಲನ್ನೂ ಸುಮ್ಮನೆ ಬಿಡಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಇರುವ ಹಳದಿ ಗಂಟಲಿನ ಪಿಕಳಾರ ದೇವರಾಯನದುರ್ಗ, ನಂದಿಬೆಟ್ಟಗಳಲ್ಲಿ ಬದುಕಿರುವುದು ಇಂಥ ಸಂದುಗಳಿಂದಲೇ.

5. ಏರು ಅಳೆಯಿರಿ

ಹತ್ತಡಿ ನಡೆದರೆ ಒಂದಡಿಗಿಂತ ಹೆಚ್ಚು ಏರಬಾರದು ಎಂಬುದು ಮಣ್ಣಿನ ದಾರಿಯ ಒಳ್ಳೆಯ ಲೆಕ್ಕ. ಅಲ್ಲಲ್ಲಿ ಸ್ವಲ್ಪ ಹೆಚ್ಚಾದರೂ ಒಟ್ಟಾರೆ ಇದನ್ನು ಮೀರಬೇಡಿ. ಅಳೆಯಲು ದುಬಾರಿ ಉಪಕರಣ ಬೇಡ. ಹತ್ತಡಿ ಉದ್ದದ ನೆಟ್ಟನೆಯ ಗಳು, ಗಾರೆ ಕೆಲಸದವರ ರಸಮಟ್ಟ ಇದ್ದರೆ ಸಾಕು. ಗಳುವಿನ ಒಂದು ತುದಿಯನ್ನು ಮೇಲಿನ ನೆಲಕ್ಕೆ ಊರಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಇನ್ನೊಂದು ತುದಿಯನ್ನು ಎತ್ತಿ. ಆ ತುದಿಗೂ ನೆಲಕ್ಕೂ ಇರುವ ಅಂತರವೇ ಹತ್ತಡಿಗೆ ಆಗುವ ಏರು.

ಈ ಲೆಕ್ಕದಲ್ಲಿ 500 ಅಡಿ ಎತ್ತರದ ಗುಡ್ಡಕ್ಕೆ 5,000 ಅಡಿ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ದಾರಿ ಬೇಕು. "ಇಷ್ಟು ಸುತ್ತಬೇಕಾ, ನೆಟ್ಟಗೆ ಹತ್ತಿದರೆ ಹತ್ತು ನಿಮಿಷ" ಎನ್ನುವವರು ಪ್ರತಿ ಊರಿನಲ್ಲೂ ಇರುತ್ತಾರೆ. ನೆಟ್ಟಗಿನ ದಾರಿಯಲ್ಲಿ ಮಳೆನೀರೂ ಹತ್ತೇ ನಿಮಿಷದಲ್ಲಿ ಇಳಿಯುತ್ತದೆ, ಜೊತೆಗೆ ಮಣ್ಣನ್ನೂ ಒಯ್ಯುತ್ತದೆ. ಬೆಟ್ಟದ ಪಕ್ಕೆಗೆ ಅಡ್ಡವಾಗಿ, ಓರೆಯಾಗಿ ಏರುವ ದಾರಿಯೇ ಬಾಳುವುದು. ತಿರುವು ಕೊಡಬೇಕಾದ ಕಡೆ ದೊಡ್ಡ ಗುಂಡೋ ಮುಳ್ಳುಪೊದೆಯೋ ಇರುವ ಜಾಗ ನೋಡಿಕೊಳ್ಳಿ. ಮೇಲಿನ ದಾರಿ ಕೆಳಗಿನಿಂದ ಕಂಡರೆ ಜನ ತಿರುವನ್ನು ಬಿಟ್ಟು ಅಡ್ಡದಾರಿ ತುಳಿದೇ ತುಳಿಯುತ್ತಾರೆ.

6. ನೀರನ್ನು ದಾರಿಯಿಂದ ಆಚೆ ಕಳಿಸಿ

ಕಾಲುದಾರಿ ಹಾಳಾಗುವುದು ಜನರ ಕಾಲಿನಿಂದ ಕಡಿಮೆ, ನೀರಿನಿಂದ ಹೆಚ್ಚು. ಆದ್ದರಿಂದ ಇದನ್ನು ಸಾವಧಾನವಾಗಿ ಓದಿ.

ದಾರಿಯ ಹೊರ ಅಂಚು, ಅಂದರೆ ಕಣಿವೆಯ ಕಡೆಯ ಅಂಚು, ಒಳ ಅಂಚಿಗಿಂತ ಸ್ವಲ್ಪ ತಗ್ಗಿರಬೇಕು. ಎರಡಡಿ ಅಗಲಕ್ಕೆ ಒಂದರಿಂದ ಒಂದೂವರೆ ಅಂಗುಲ ಸಾಕು. ಮೇಲಿನಿಂದ ಬಂದ ನೀರು ಆಗ ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗುತ್ತದೆ. ಬಹಳ ಜನ ಹೊರ ಅಂಚಿಗೆ ಚೆಂದಕ್ಕೆಂದು ಕಲ್ಲಿನ ಸಾಲು ಇಡುತ್ತಾರೆ, ಅದಕ್ಕೆ ಸುಣ್ಣವನ್ನೂ ಬಳಿಯುತ್ತಾರೆ. ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಆ ಸಾಲು ನೀರನ್ನು ದಾರಿಯಲ್ಲೇ ಕಟ್ಟಿಹಾಕಿ ಕಾಲುವೆ ಮಾಡುತ್ತದೆ.

ಎರಡನೆಯದು, ಏರುವ ದಾರಿಯನ್ನು ನಡುನಡುವೆ ಸ್ವಲ್ಪ ಇಳಿಸಿ ಮತ್ತೆ ಏರಿಸುವುದು. ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ. ಹಳೆಯ ಹಾದಿಯಲ್ಲಿ ಹಾಗೆ ಮಾಡಲು ಜಾಗವಿಲ್ಲದಿದ್ದರೆ ಚಪ್ಪಟೆ ಕಲ್ಲುಗಳನ್ನು ದಾರಿಗೆ ಓರೆಯಾಗಿ, ಒಂದಕ್ಕೊಂದು ತಾಗಿಸಿ, ಮುಕ್ಕಾಲು ಭಾಗ ಹೂತು ನೆಡಿ. ಕಡಿದಾದ ಕಡೆ 30-40 ಅಡಿಗೊಂದು ಬೇಕಾಗುತ್ತದೆ. ಹೊರಬಿದ್ದ ನೀರು ಬೀಳುವ ಜಾಗದಲ್ಲಿ ಒಂದಷ್ಟು ಜಲ್ಲಿಕಲ್ಲು ಹರಡಿ, ಇಲ್ಲದಿದ್ದರೆ ಅಲ್ಲೊಂದು ಹೊಸ ಕೊರಕಲು ಹುಟ್ಟುತ್ತದೆ. ಆಗಲೇ ಕೊರಕಲಾಗಿಹೋದ ಹಾದಿಯನ್ನು ಮಣ್ಣು ಹಾಕಿ ತುಂಬಲು ಹೋಗಬೇಡಿ. ಅಡ್ಡಡ್ಡ ಕಲ್ಲಿನ ತಡೆ ಇಟ್ಟು, ಮುಳ್ಳು ಕೊಂಬೆ ಹಾಕಿ ಅದನ್ನು ಹಾಗೇ ಬಿಟ್ಟು, ದಾರಿಯನ್ನು ಪಕ್ಕಕ್ಕೆ ಸರಿಸಿ. ಎರಡು ಮಳೆಗಾಲದಲ್ಲಿ ಹೂಳು ತುಂಬಿ ಹುಲ್ಲು ಬರುತ್ತದೆ.

ಈ ನೀರಿನ ಲೆಕ್ಕ ದಾರಿಗಷ್ಟೇ ಸೇರಿದ್ದಲ್ಲ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ ಸೇರುತ್ತದೆ, ಅಲ್ಲೇ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಗೆ. ಕಾಲುದಾರಿಯಿಂದ ಕೊಚ್ಚಿಹೋದ ಮಣ್ಣು ಹೋಗಿ ಕೂರುವುದು ಕೆಳಗಿನ ಯಾರದೋ ಕೆರೆಯಲ್ಲಿ.

ಕೆಲಸಕ್ಕೆ ನವೆಂಬರ್, ಡಿಸೆಂಬರ್ ಸೂಕ್ತ. ಮಣ್ಣಿನಲ್ಲಿ ಇನ್ನೂ ಹಸಿ ಇರುತ್ತದೆ, ತುಳಿದರೆ ಗಟ್ಟಿಯಾಗಿ ಕೂರುತ್ತದೆ. ಗುದ್ದಲಿ, ಹಾರೆ, ಪಿಕಾಸಿ, ಸನಿಕೆ, ಎರಡು ಮಚ್ಚು, ಮಂಕರಿ ಇದ್ದರೆ ಆಯಿತು. ಕಲ್ಲು ಎತ್ತುವಾಗ ಬರಿಗೈ ಹಾಕಬೇಡಿ. ಹಾರೆಯಿಂದ ಆಚೆ ಅಂಚನ್ನು ಮೀಟಿ ನಿಮ್ಮ ಕಡೆಗೆ ಓರೆ ಮಾಡಿ, ಅಡಿಯಲ್ಲಿ ಚೇಳೋ ಹಾವೋ ಇದ್ದರೆ ಆಚೆಗೆ ಹೋಗಲಿ.

7. ಸವರುವುದು ಕಡಿಮೆ, ಲಂಟಾನ ಮಾತ್ರ ಹೆಚ್ಚು

ನಾಲ್ಕಡಿ ಅಗಲ, ಏಳಡಿ ಎತ್ತರಕ್ಕೆ ಕೊಂಬೆ ಸವರಿದರೆ ನಡೆಯಲು ಸಾಕು. ಜಾಲಾರಿ, ಕಮರ, ದಿಂಡಿಗದ ಸಸಿಗಳು ದಾರಿಗೆ ಅಡ್ಡ ಬಂದರೆ ದಾರಿಯೇ ಸುತ್ತಿ ಹೋಗಲಿ. ಲಂಟಾನದ ವಿಷಯ ಬೇರೆ. ಅದನ್ನು ಮೇಲಿಂದ ಕಡಿದರೆ ಬುಡದಿಂದ ಹತ್ತು ಚಿಗುರು ಬರುತ್ತವೆ. ನೆಲದಿಂದ ಎರಡು ಅಂಗುಲ ಕೆಳಗೆ ತಾಯಿಬೇರನ್ನು ಕಡಿದು, ಇಡೀ ಪೊದೆಯನ್ನು ಎತ್ತಿ ಬೇರು ಮೇಲಾಗಿ ಮಗುಚಿ ಹಾಕಿ, ಒಣಗಿಹೋಗುತ್ತದೆ. ಕಾಯಿ ಬಿಡುವ ಮುಂಚೆಯೇ ಮಾಡಬೇಕು. ಕಿತ್ತದ್ದನ್ನು ಅಲ್ಲೇ ಸುಡುವುದು ಬೇಡವೇ ಬೇಡ.

8. ಗುರುತು ಮತ್ತು ಫಲಕ

ಮರದ ಹಲಗೆ ಗೆದ್ದಲಿಗೆ, ತಗಡು ಗುಜರಿಗೆ ಹೋಗುತ್ತದೆ. ನಮ್ಮ ಕಡೆ ಹೊಲದ ಬೇಲಿಗೆ ನೆಡುವ ಕಲ್ಲುಕಂಬದ ಮುರಿದ ತುಂಡುಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಅವುಗಳ ಮೇಲೆ ಬಾಣದ ಗುರುತು ಕೆತ್ತಿಸಿದರೆ ಮತ್ತೆ ನೋಡಬೇಕಾಗಿಲ್ಲ. ಬಣ್ಣದ ಗುರುತು ಹಾಸುಬಂಡೆಯ ಮೇಲೆ ಮಾತ್ರ, ಅಂಗೈಗಿಂತ ಚಿಕ್ಕದಾಗಿ. ಹತ್ತುವಾಗ ಕಂಡರೆ ಸಾಲದು, ಇಳಿಯುವಾಗಲೂ ಕಾಣಬೇಕು. ಜನ ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗಲೇ. ಶಾಸನ, ಹಳೆಯ ಚಿತ್ರ, ಕೋಟೆಗೋಡೆಗಳ ಹತ್ತಿರ ಬಣ್ಣದ ಡಬ್ಬ ತೆರೆಯಲೇಬೇಡಿ.

ಬುಡದಲ್ಲಿ ಒಂದೇ ದೊಡ್ಡ ಫಲಕ ಇರಲಿ: ಒಟ್ಟು ದೂರ, ಹತ್ತಲು ಬೇಕಾದ ಹೊತ್ತು, ಮೇಲೆ ನೀರಿದೆಯೇ, ಎಷ್ಟು ಗಂಟೆಯೊಳಗೆ ಕೆಳಗಿಳಿಯಬೇಕು, ಅರಣ್ಯ ಸಹಾಯವಾಣಿ 1926, ಆಂಬುಲೆನ್ಸ್ 108. ದಾನಿಗಳ ಹೆಸರು, ಶಾಸಕರ ಫೋಟೊ ಬೇಕೇಬೇಕು ಎಂದು ಯಾರಾದರೂ ಹಟ ಹಿಡಿದರೆ ಅದಕ್ಕೆ ಊರೊಳಗೆ ಬೇರೆ ಜಾಗ ಕೊಡಿ.

9. ಕರಡಿ, ಚಿರತೆ, ಹೆಜ್ಜೇನು, ಹಾವು

ತುಮಕೂರಿನ ಬೆಟ್ಟಗಳಲ್ಲಿ ಕರಡಿ ಇದೆ ಎಂದುಕೊಂಡೇ ಹೊರಡಿ. ಅದು ಓಡಾಡುವುದು ಸಂಜೆಯಿಂದ ಬೆಳಗಿನವರೆಗೆ. ದಿಢೀರನೆ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಆದ್ದರಿಂದ ಬೆಳಕು ಚೆನ್ನಾಗಿ ಹರಿದ ಮೇಲೆ ಹತ್ತಿ, ಐದು ಗಂಟೆಯೊಳಗೆ ಬುಡದಲ್ಲಿರಿ, ಪೊದೆ ದಟ್ಟವಾದ ಕಡೆ ಜೋರಾಗಿ ಮಾತಾಡುತ್ತಾ ನಡೆಯಿರಿ. ಸೂರ್ಯೋದಯ ನೋಡಬೇಕೆಂದು ರಾತ್ರಿ ಹತ್ತುವ ಚಟಕ್ಕೆ ನಿಮ್ಮ ದಾರಿಯಲ್ಲಿ ಅವಕಾಶ ಕೊಡಬೇಡಿ. ಚಿರತೆ ಕಂಡರೆ ಓಡಬಾರದು, ಬಗ್ಗಬಾರದು. ಮಕ್ಕಳನ್ನು ನಡುವೆ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿಯಿರಿ.

ಹೆಜ್ಜೇನು ಎದ್ದರೆ ಕೈಬೀಸದೆ, ಮುಖ ಮುಚ್ಚಿಕೊಂಡು ಆದಷ್ಟು ದೂರ ಓಡುವುದೊಂದೇ ದಾರಿ. ಹೊಗೆ, ಸುಗಂಧ, ಡ್ರೋನ್ ಮೂರನ್ನೂ ನಿಷೇಧಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಎಂದು ಹೊತ್ತು ಕಳೆಯುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲುಗಾಡಿಸದೆ ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಿ. ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ ಫಲಕದಲ್ಲಿ ಬರೆದಿಡಿ.

10. ಜನ ಬಂದ ಮೇಲೆ

ದಾರಿ ಆದ ಕೂಡಲೇ ವಿಡಿಯೊ ಮಾಡಿ ಹರಿಯಬಿಡುವ ಆಸೆಯನ್ನು ಒಂದು ಮಳೆಗಾಲ ತಡೆಯಿರಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನೇ ಕೆಲಕಾಲ ನಿಲ್ಲಿಸಿತು. ಆಮೇಲೆ ಅದೇ ವರ್ಷ "ಅರಣ್ಯ ವಿಹಾರ" ಜಾಲತಾಣದ ಮೂಲಕ ಮುಂಗಡ ಟಿಕೆಟ್ ತಂದು, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ನಿಮ್ಮ ಊರಿನ ಪುಟ್ಟ ಬೆಟ್ಟಕ್ಕೆ ಅದರ ಹತ್ತರಲ್ಲೊಂದು ಪಾಲೂ ಹೆಚ್ಚೇ. ದಿನಕ್ಕೆ ಎಷ್ಟು ಜನ ಎಂಬುದನ್ನು ಸಮಿತಿಯೇ ಮೊದಲು ನಿರ್ಧರಿಸಿ, ಬುಡದ ಅಂಗಡಿಯಲ್ಲೋ ಗುಡಿಯಲ್ಲೋ ಒಂದು ಪುಸ್ತಕವಿಟ್ಟು ಹೆಸರು, ಹತ್ತಿದ ಸಮಯ, ಇಳಿದ ಸಮಯ ಬರೆಸಿ. ಇಳಿದ ಸಮಯ ಖಾಲಿ ಇದ್ದರೆ ಹುಡುಕಲು ಹೊರಡಬೇಕು ಎಂಬುದಕ್ಕೇ ಆ ಪುಸ್ತಕ. ಅರಣ್ಯ ಜಮೀನಿನಲ್ಲಿ ನೀವಾಗಿ ಶುಲ್ಕ ವಸೂಲಿ ಮಾಡುವಂತಿಲ್ಲ. ಅದು ಇಲಾಖೆಯ ಜೊತೆ ಮಾತಾಡಿ ಗ್ರಾಮ ಅರಣ್ಯ ಸಮಿತಿಯ ಖಾತೆಯ ಮೂಲಕವೇ ಆಗಬೇಕು.

ಕಸದ ಡಬ್ಬಿಯನ್ನು ಬೆಟ್ಟದ ಮೇಲೆ ಇಡಬೇಡಿ. ಮಂಗಗಳು ಚೆಲ್ಲಾಡುತ್ತವೆ, ಕರಡಿಗೂ ಹಂದಿಗೂ ರುಚಿ ಹತ್ತುತ್ತದೆ, ಇಳಿಸಿ ತರುವವರು ಯಾರೂ ಇರುವುದಿಲ್ಲ. ಹತ್ತುವಾಗ ಬಾಟಲಿ ಎಣಿಸಿ ಬರೆದುಕೊಂಡು, ಇಳಿದಾಗ ಅಷ್ಟನ್ನೂ ತೋರಿಸುವ ನಿಯಮ ಮಾಡಿದರೆ ಕೆಲಸ ಮಾಡುತ್ತದೆ.

ದಾರಿಯನ್ನು ತುಂಡು ತುಂಡಾಗಿ ಹಂಚಿ: ಶಾಲೆಗೆ ಒಂದು ತುಂಡು, ಯುವಕ ಸಂಘಕ್ಕೆ ಒಂದು, ಸ್ತ್ರೀಶಕ್ತಿ ಗುಂಪಿಗೆ ಒಂದು. ಮುಂಗಾರಿನ ಮೊದಲ ಮಳೆಯಾದ ಮಾರನೆಯ ದಿನ ಎಲ್ಲರೂ ತಮ್ಮ ತುಂಡಿನಲ್ಲಿ ನೀರು ಹೊರಬೀಳುವ ಗಂಡಿಗಳಲ್ಲಿ ತುಂಬಿದ ಎಲೆ, ಮಣ್ಣು ತೆಗೆಯಬೇಕು. ಈ ಒಂದು ದಿನ ತಪ್ಪಿದರೆ ಆರನೇ ಹಂತದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಅಕ್ಟೋಬರ್ ಕೊನೆಗೆ ಇನ್ನೊಮ್ಮೆ ನೋಡಿದರೆ ವರ್ಷದ ದುರಸ್ತಿ ಮುಗಿದಂತೆ.

ಜನವರಿಯಿಂದ ಹುಲ್ಲು ಒಣಗತೊಡಗುತ್ತದೆ, ಮುಂಗಾರು ಪೂರ್ವ ಮಳೆ ಬೀಳುವವರೆಗೆ ಬೆಂಕಿಯ ಕಾಲ. ಆಗ ಬೀಡಿ, ಸಿಗರೇಟು, ಒಲೆ ಪೂರ್ತಿ ನಿಷೇಧ. ಗಸ್ತು ಅರಣ್ಯ ಪಾಲಕರು ಹೇಳಿದರೆ ದಾರಿಯನ್ನೇ ಮುಚ್ಚಿ. ಮುಚ್ಚುವಾಗ ದಾರಿಯ ಬಾಯಿಗೆ ಮುಳ್ಳು ಹಾಕಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬರೆದ ಹಲಗೆ ಕಟ್ಟಿ, ಕುರಿ ಕಾಯುವವರು ಓಡಾಡುವಷ್ಟು ಸಂದು ಬಿಡಿ. ಅನುಮತಿ ಪತ್ರದಲ್ಲಿ ಅವಧಿ ನಮೂದಿಸಿದ್ದರೆ ಅದು ಮುಗಿಯುವ ಎರಡು ತಿಂಗಳ ಮುಂಚೆಯೇ, ಹೆಸರಿನ ಪುಸ್ತಕದ ಪ್ರತಿ ಮತ್ತು ದುರಸ್ತಿಯ ಫೋಟೊಗಳನ್ನು ಲಗತ್ತಿಸಿ ನವೀಕರಣಕ್ಕೆ ಅರ್ಜಿ ಹಾಕಿ.